ದೇವಕನ್ಯೆಯ ಬೂಟಿಗೆ ಬೂರುಗದ ಹತ್ತಿ

ಆ ಬ್ಯಾಲೆ ಬೂಟುಗಳು ಗುಲಾಬಿ ಬಣ್ಣದವು ಎಂದು ಬರೆಯಲು ಕೈ ತುರಿಸುತ್ತದೆ. ನಂಬಬೇಡಿ. ನಾನು ಕಂಡದ್ದು ಯಾರ‍್ಯಾರದೋ ಬೆವರು ಕುಡಿದು ಕಂದಿದ ಬಟ್ಟೆ. ಗುಲಾಬಿ ಬಣ್ಣವನ್ನು ನನ್ನ ನೆನಪು ಆಮೇಲೆ ಯಾವುದೋ ಕ್ಯಾಲೆಂಡರಿನಿಂದ ಕದ್ದಿರಬೇಕು.

ಐವತ್ತರ ದಶಕದ ಕೊನೆ. ಊಟಿ ಕಡೆ ಬ್ಯಾಲೆ ಕಲಿತಿದ್ದ ಟೀಚರೊಬ್ಬರು ಮಂಗಳೂರಿನ ನಮ್ಮ ಶಾಲೆಗೆ ಬಂದವರೇ, ವಾರ್ಷಿಕೋತ್ಸವದಲ್ಲಿ ಒಬ್ಬ ದೇವಕನ್ಯೆ ಕಾಲ್ಬೆರಳ ತುದಿಯಲ್ಲಿ ನಿಂತು ಕುಣಿಯಲೇಬೇಕೆಂದು ಹಟ ಹಿಡಿದರು. ಸೆಗಣಿ ಸಾರಿಸಿದ ಅಂಗಳದಲ್ಲಿ ಬರಿಗಾಲಲ್ಲಿ ಬೆಳೆದ ನಮ್ಮೊಳಗೆ ದೇವಕನ್ಯೆಯ ಹುಡುಕಾಟ! ನನಗೆ ಆ ಪಾತ್ರ ಬೇಕೇ ಬೇಕಿತ್ತು. ಆದರೆ ಟೀಚರ್ ತಂದಿದ್ದ ಹಳೆಯ ಬೂಟುಗಳ ಗಟ್ಟಿ ತುದಿಯೊಳಗೆ ಬೆರಳುಗಳು ನಜ್ಜುಗುಜ್ಜಾಗುತ್ತಿದ್ದವು. ಆಯ್ಕೆಯ ಹಿಂದಿನ ದಿನ ಅವನ್ನು ಮನೆಗೆ ತಂದು, ಒಳಗೆ ಒಂದಿಷ್ಟು ಹತ್ತಿ ಇಡು ಎಂದು ಅಮ್ಮನಿಗೆ ಕೊಟ್ಟೆ.

ನಮ್ಮಲ್ಲಿ ಮಕ್ಕಳಿಗೆ ಅಳತೆಯ ಬೂಟು ಕೊಳ್ಳುವುದೆಂದರೆ ದುಂದು. ದೊಡ್ಡದನ್ನೇ ತಂದು ತುದಿಗೆ ಹತ್ತಿ ತುರುಕುವುದು, ಕಾಲು ಬೆಳೆದಂತೆ ಕೀಳುವುದು. ಬೂಟು, ಹತ್ತಿ ಎಂದೊಡನೆ ಅಮ್ಮನಿಗೆ ತಿಳಿದದ್ದು ಅದೊಂದೇ. ದಿಂಬು ಬಿಚ್ಚಿ ಬೂರುಗದ ಹತ್ತಿ ತೆಗೆದು, ತುದಿ ತುಂಬ ಜಡಿದಳು.

ಮರುದಿನ ಹಿಮ್ಮಡಿ ಹೊರಗೇ ಉಳಿಯಿತು. ಬೆರಳಿಗೆ ಮಾತ್ರ ಪರಮಸುಖ. ತುದಿಯ ಮೇಲೆ ಏರಿದೆ. ಬೂಟು ಒಂದು ಕಡೆ ಹೋಯಿತು, ನಾನು ಇನ್ನೊಂದು ಕಡೆ.

ಟೀಚರ್ ಹತ್ತಿ ಎಳೆದರು. ಅದು ಬರುತ್ತಲೇ ಇತ್ತು.

“ಇದೆಂತ, ಬೂಟಾ ಹಾಸಿಗೆಯಾ?”

ಬುತ್ತಿ ತಂದು ಬಾಗಿಲಲ್ಲಿ ನಿಂತಿದ್ದ ಅಮ್ಮ ಹೇಳಿದಳು: “ಅವಳ ಕಾಲು ಬೆಳೀತದಲ್ಲ ಟೀಚರ್, ಆಗ ತೆಗೆದ್ರಾಯ್ತು.”

“ಅಷ್ಟರವರೆಗೆ ಸ್ಕೂಲ್ ಡೇ ಮುಂದೆ ಹಾಕ್ಬೇಕಾ?”

ಹುಡುಗಿಯರು ಕಿಸಕ್ಕೆಂದರು. ಇನ್ನೊಂದು ಅವಕಾಶ, ಹತ್ತಿಯಿಲ್ಲದೆ. ಏರಿದೆ. ಕಣ್ಣಲ್ಲಿ ನೀರು ಬಂತು.

“ನಗು! ದೇವಕನ್ಯೆ ಅಳ್ತಾಳಾ?”

“ನಗ್ಲಿಕ್ಕೆ ಎಂತ ಉಂಟು ಇದ್ರಲ್ಲಿ?” ಎಂದಳು ಅಮ್ಮ. “ಇಳಿ ಮಗಾ.”

ಇಳಿದುಬಿಟ್ಟೆ.

ನೆತ್ತರು ಸುರಿದರೂ ಪಿಯಾನೊ ನಿಲ್ಲುವವರೆಗೆ ಮಗಳು ನಿಂತಿದ್ದಳೆಂದು ಅಮ್ಮ ಕೊನೆಯವರೆಗೂ ನೆಂಟರಿಗೆ ಹೇಳುತ್ತಿದ್ದಳು. ನೆತ್ತರು ಇರಲಿಲ್ಲ. ಪಿಯಾನೊವೂ ಇರಲಿಲ್ಲ; ಟೀಚರ್ ಮೇಜು ಕುಟ್ಟುತ್ತಿದ್ದರು.

ಪಾತ್ರ ಹಂಚಿನ ಕಾರ್ಖಾನೆಯ ಮ್ಯಾನೇಜರರ ಮಗಳಿಗೆ ಹೋಯಿತು. ವಾರ್ಷಿಕೋತ್ಸವದ ದಿನ ಅವಳು ಹಲ್ಲು ಕಚ್ಚಿಕೊಂಡೇ ನಕ್ಕಳು. ಗಣ್ಯರು ಅದನ್ನೇ ಕಲೆಯೆಂದು ತಿಳಿದು ತಲೆದೂಗಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ನನಗೆ ಅವಳ ಬೆರಳುಗಳ ಪಾಡು ಚೆನ್ನಾಗಿಯೇ ಗೊತ್ತಿತ್ತು. ಅಯ್ಯೋ ಪಾಪ ಅನಿಸಲಿಲ್ಲ. ಆ ನೋವು ನನಗೆ ಬೇಕಿತ್ತು.