ಥರ್ಮಾಕೋಲ್ ಪೆಟ್ಟಿಗೆಯ ಬ್ಯಾಕ್ಟೀರಿಯಾ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಶಿಕಾರಿಪುರದ ನಮ್ಮ ಕಾಲೇಜಿನ ಮೈಕ್ರೋಬಯಾಲಜಿ ವಿಭಾಗದಲ್ಲಿ ಎಲ್ಲರಿಗೂ ಗೊತ್ತು. ದಿನಾ ಸೊರಬದಿಂದ ಬಸ್ಸಿನಲ್ಲಿ ಬರುತ್ತಿದ್ದ, ನನ್ನ ಕೈಕೆಳಗೆ ಪ್ರಾಜೆಕ್ಟ್ ಮಾಡುತ್ತಿದ್ದ ಕೊನೆಯ ವರ್ಷದ ಹುಡುಗಿಗೂ ಗೊತ್ತಿತ್ತು. ಆದರೂ ಹೆದರಿದವಳಲ್ಲ.

ಅವಳ ಪ್ರಾಜೆಕ್ಟ್ ರೈಬೋಸೋಮಿನ ಮೇಲೆ. ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ಈ ಯಂತ್ರಕ್ಕೆ ಎರಡು ತುಂಡು, ಒಂದು ದೊಡ್ಡದು, ಒಂದು ಸಣ್ಣದು. ಆರ್‌ಎನ್‌ಎ ಎಳೆ ಸರಿಯಾಗಿ ಮಡಚಿಕೊಳ್ಳುತ್ತ ಹೋದಂತೆ ಪ್ರೋಟೀನುಗಳು ಒಂದರ ಹಿಂದೊಂದು ಬಂದು ಕೂತು ತುಂಡು ಸಿದ್ಧವಾಗುತ್ತದೆ. ಚಳಿಯಲ್ಲಿ ಎಳೆ ತಪ್ಪಾಗಿ ಮಡಚಿ ಬಿಗಿದುಕೊಂಡರೆ ಬಿಡಿಸಲು ಸಹಾಯಕ ಪ್ರೋಟೀನು ಬೇಕು. ಯೂನಿವರ್ಸಿಟಿಯಿಂದ ತಂದ ನಮ್ಮ ಬ್ಯಾಕ್ಟೀರಿಯಾ ತಳಿಯಲ್ಲಿ ಆ ಸಹಾಯಕನಿಗೇ ದೋಷ. ಮೂವತ್ತೇಳು ಡಿಗ್ರಿಯಲ್ಲಿ ಮಾತ್ರ ಚೆನ್ನಾಗಿ ಬೆಳೆಯುತ್ತಿತ್ತು.

ಅವಳು ಈ ತಳಿಯನ್ನೂ ದೋಷವಿಲ್ಲದ ಸಾಮಾನ್ಯ ತಳಿಯನ್ನೂ ಹಚ್ಚಿದ ಪ್ಲೇಟುಗಳನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು, ಬೆಳಿಗ್ಗೆ ಸಂಜೆ ತಣ್ಣೀರಿನ ಬಾಟಲಿ ಬದಲಿಸುತ್ತ ಇಪ್ಪತ್ತು ಡಿಗ್ರಿ ಕಾಯ್ದುಕೊಂಡಳು. ಮೂರು ದಿನದ ಮೇಲೆ ನೋಡಿದರೆ ಸಾಮಾನ್ಯ ತಳಿ ನಿಧಾನಕ್ಕಾದರೂ ಬೆಳೆದಿತ್ತು. ದೋಷದ ತಳಿಯ ಪ್ಲೇಟು ಬೋಳು ಬೋಳು.

"ಸತ್ತಿದಾವೆ. ಬಿಸಾಕು," ಎಂದೆ.

"ಸತ್ತಿಲ್ಲ ಮೇಡಂ. ರೈಬೋಸೋಮ್ ಕಟ್ಟೋದು ಅರ್ಧಕ್ಕೆ ನಿಂತದೆ ಅಷ್ಟೆ. ಬೆಚ್ಚಗಿಟ್ರೆ ಏಳ್ತವೆ."

"ನಂಗೇ ಪಾಠ ಹೇಳಕ್ಕೆ ಬಂದ್ಯೇನೆ? ನಾಡಿದ್ದು ವೈವಾ. ಬಿಸಾಕಿ ವರದಿ ತಿದ್ದು."

ಚಳಿ ಈ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ತಡೆದು ನಿಲ್ಲಿಸುತ್ತದೆ ಎಂದು ಅವಳು ವರದಿಯಲ್ಲಿ ಆಗಲೇ ಬರೆದುಬಿಟ್ಟಿದ್ದಳು. ಪ್ಲೇಟು ಬೋಳಾಗಿಯೇ ಉಳಿದರೆ ಆ ಮಾತಿಗೆ ಆಧಾರವಿಲ್ಲ, ಇಷ್ಟು ತಿಂಗಳ ಶ್ರಮ ನೀರಲ್ಲಿ ಹೋಮ.

ವೈವಾ ದಿನ ಬೆಳಿಗ್ಗೆ ಮೂವತ್ತೇಳು ಡಿಗ್ರಿಯ ಇನ್‌ಕ್ಯುಬೇಟರ್ ತೆಗೆದರೆ ಒಳಗೆ ಅದೇ ಪ್ಲೇಟು, ಅವಳದೇ ಅಕ್ಷರ. ಪಿತ್ತ ನೆತ್ತಿಗೇರಿತು. ಇಷ್ಟು ಸೊಕ್ಕೇ ಎಂದು ಎತ್ತಿಕೊಂಡು ಬೆಳಕಿಗೆ ಹಿಡಿದೆ. ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು, ಪ್ಲೇಟಿನ ತುಂಬಾ ಎದ್ದಿದ್ದವು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಮೆಲ್ಲಗೆ ಅಲ್ಲೇ ಇಟ್ಟು ಬಾಗಿಲು ಹಾಕಿದೆ.

ಹೊರಗಿನಿಂದ ಬಂದ ಪರೀಕ್ಷಕರು ಆ ಪ್ಲೇಟನ್ನು ತಿರುಗಿಸಿ ನೋಡಿದರು. "ನಿಂತಿದ್ದು ರೈಬೋಸೋಮೇ ಅಂತ ಇದರಿಂದ ಗೊತ್ತಾಗಲ್ಲವಲ್ಲಮ್ಮ?"

"ಇಲ್ಲ ಸರ್. ಅದನ್ನ ಯೂನಿವರ್ಸಿಟಿ ಲ್ಯಾಬಿನೋರು ನೋಡಿದಾರೆ. ಸತ್ತಿಲ್ಲ ಅನ್ನೋದು ಮಾತ್ರ ನಾನು ನೋಡಿದ್ದು."

ಎಷ್ಟು ಕಂಡಿದ್ದಳೋ ಅಷ್ಟೇ ಹೇಳಿದಳು, ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ. ನನಗೆ ಎದೆ ಉಬ್ಬಿತು. ಪರೀಕ್ಷಕರು ನನ್ನ ಕಡೆ ತಿರುಗಿ, "ಚೆನ್ನಾಗಿ ಗೈಡ್ ಮಾಡಿದೀರಿ ಮೇಡಂ. ಬೆಚ್ಚಗಿಟ್ಟು ನೋಡೋ ಯೋಚನೆ ನಿಮ್ಮದೇ ಇರಬೇಕು," ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅವಳು, "ಹೌದು ಸರ್, ಮೇಡಮ್ಮೇ ಹೇಳ್ಕೊಟ್ಟಿದ್ದು," ಎಂದುಬಿಟ್ಟಳು. ನನ್ನ ಮಾನ ಉಳಿಸಲು, ಅಷ್ಟು ಬೈಸಿಕೊಂಡವಳು.

"ಸುಳ್ಳು ಸರ್," ಎಂದೆ. "ನಾನು ಬಿಸಾಕು ಅಂದಿದ್ದೆ. ಇವ್ಳು ನನ್ನ ಮಾತು ಕೇಳ್ಲಿಲ್ಲ. ಅದನ್ನೇ ಬರ್ಕೊಳ್ರಿ."