ಎರಡು ಸೇರು ತೌಡು

ಅಂತರಸಂತೆಯ ಸುಂದ್ರಮ್ಮನಿಗೆ ಐವತ್ತೇಳು ದಾಟಿದೆ. ಆದರೂ ಒಂದು ಮಾತು ಕೇಳಿದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

"ನಿನ್ನ ಸಂತೇಲಿ ಎರಡು ಸೇರು ತೌಡು ಕೊಟ್ಟು ತಂದಿದ್ದು ಕಣಮ್ಮಿ."

ಹೇಳುವವನು ರಾವಂದೂರಿನ ಅಣ್ಣ ಚಲುವರಾಜು. ಎಲ್ಲರ ಮನೆಯಲ್ಲೂ ಅಣ್ಣಂದಿರು ಹೀಗೇ ರೇಗಿಸುತ್ತಾರೆ, ತಂಗಿಯರು ಅಳುತ್ತಾರೆ, ಅವ್ವ ಬಂದು ಅಣ್ಣನ ಬೆನ್ನಿಗೊಂದು ಗುದ್ದಿ ನ್ಯಾಯ ತೀರಿಸುತ್ತಾಳೆ. ಇಲ್ಲಿ ಗುದ್ದಲು ಅವ್ವ ಇರಲಿಲ್ಲ. ಅವ್ವ ಚಿಕ್ಕಬೀರಮ್ಮ ತೀರಿಕೊಂಡಾಗ ಸುಂದ್ರಮ್ಮನಿಗೆ ಮೂರು ವರ್ಷ. ಅವಳ ಪಾಲಿಗೆ ಅವ್ವ ಎಂದರೆ ಅಣ್ಣನ ಮನೆಯ ಗೋಡೆಯ ಮೇಲಿನ ಒಂದೇ ಒಂದು ಫೋಟೋ. ಅದರಲ್ಲೂ ಅವ್ವ ಒಬ್ಬಳೇ.

ಆ ಫೋಟೋದ ಗಾಜು ಯಾವತ್ತೋ ಒಡೆದಿತ್ತು. ಗಾಜು ಒಡೆದರೆ ಪಿತೃಪಕ್ಷ ನಿಲ್ಲುತ್ತದೆಯೇ? ಎಡೆ ಇಡುವಾಗ ಕುಂಕುಮವನ್ನು ನೇರ ಅವ್ವನ ಹಣೆಗೇ ಇಟ್ಟರು. ಮೂವತ್ತು ವರ್ಷದ ಬೊಟ್ಟು ಒಂದರ ಮೇಲೊಂದು ಕೂತು, ಹುಬ್ಬು ದಾಟಿ, ಎರಡು ಕಣ್ಣನ್ನೂ ಮುಚ್ಚಿತ್ತು. ಇನ್ನು ನಾಲ್ಕು ಪಕ್ಷ ಕಳೆದರೆ ಅವ್ವನ ಬದಲು ಕುಂಕುಮದ ಭರಣಿಗೇ ಎಡೆ ಇಡಬೇಕಾದೀತು ಎಂದು ಸುಂದ್ರಮ್ಮನಿಗೆ ದಿಗಿಲಾಯಿತು.

"ಸ್ಕ್ಯಾನ್ ಮಾಡ್ಸಿ, ಬೊಟ್ಟೆಲ್ಲ ತೆಗಿಸ್ಕ ಬತ್ತೀನಿ, ಕೊಡಣ್ಣ" ಎಂದಳು. ಚಲುವರಾಜು ಯಾಕೋ ಹಿಂದುಮುಂದು ನೋಡಿ, "ಕಟ್ಟು ಬಿಚ್ಚಿಸಬ್ಯಾಡ" ಎಂದು ಹೇಳಿಯೇ ಕೊಟ್ಟ.

ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನ ಸ್ಟುಡಿಯೋದ ನಟರಾಜು ಆ ಮಾತು ಕೇಳಿ ನಕ್ಕ. "ಕಟ್ಟು ಬಿಚ್ಚದೆ ಸ್ಕ್ಯಾನ್ ಎಂಗಮ್ಮ ಆಯ್ತದೆ?" ಹಿಂದಿನ ಮೊಳೆ ಕಿತ್ತು, ರಟ್ಟು ತೆಗೆದ. ತೆಗೆದವನು ಹಾಗೇ ನಿಂತ. ಫೋಟೋದ ಒಂದು ಭಾಗ ಹಿಂದಕ್ಕೆ ಮಡಚಿತ್ತು. ಉಗುರಿನ ತುದಿಯಿಂದ ಮೆಲ್ಲಗೆ ಬಿಡಿಸಿದ.

ಒಳಗೊಂದು ಹೆಣ್ಣುಮಗು. ತೂಗಾಡುವ ಲಂಗ, ಸೋರುವ ಮೂಗು, ಊರೆಲ್ಲ ಕೇಳುವಂತೆ ತೆರೆದ ಬಾಯಿ, ಗಲ್ಲದ ಮೇಲೆ ಮಚ್ಚೆ. ಕುರ್ಚಿಯ ಕೈ ಮೇಲಿದೆ ಎಂದು ಸುಂದ್ರಮ್ಮ ಇಷ್ಟು ಕಾಲ ಅಂದುಕೊಂಡಿದ್ದ ಅವ್ವನ ಕೈ ಆ ಮಗುವಿನ ಕೈ ಹಿಡಿದುಕೊಂಡಿತ್ತು.

ಸುಂದ್ರಮ್ಮ ತನ್ನ ಗಲ್ಲದ ಮಚ್ಚೆ ಮುಟ್ಟಿ ನೋಡಿಕೊಂಡಳು. "ನಾನು ಕಣಪ್ಪ ಅದು! ನಾನೇ!"

"ಬದುಕಿರೋರ ಫೋಟೋಗೆ ಎಡೆ ಇಡಬಾರದಲ್ವಾ?" ಎಂದ ನಟರಾಜು. "ಮಗೀಗೆ ಆಯಸ್ಸಿರಲಿ ಅಂತ ನಿಮ್ಮಪ್ಪ ಮಡಚವ್ರೆ. ಕತ್ತರಿ ಹಾಕಿಲ್ಲ ನೋಡಿ."

ಅಪ್ಪ ಸಣ್ಣಬೀರಯ್ಯ ಜೀವನದಲ್ಲಿ ಹತ್ತು ಮಾತು ಆಡಿದವನಲ್ಲ. ಅವನನ್ನು ನೆನೆದು ಸುಂದ್ರಮ್ಮ ಅಳಬೇಕೆಂದು ಬಾಯಿ ತೆರೆದಳು, ಬಂದದ್ದು ಮಾತ್ರ ನಗು. ಪಾಸ್‌ಪೋರ್ಟ್ ಫೋಟೋ ತೆಗೆಸಲು ಬಂದ ಗುರುತಿಲ್ಲದ ಗಂಡಸನ್ನು ಎಳೆದು ತೋರಿಸಿದಳು. ಎದುರಿನ ಟೀ ಅಂಗಡಿಯವನನ್ನೂ ಕರೆದು ತೋರಿಸಿದಳು.

ಆಮೇಲೆ ಕಂಪ್ಯೂಟರಿನಲ್ಲಿ ನಟರಾಜು ಒಂದೊಂದೇ ಬೊಟ್ಟು ಅಳಿಸತೊಡಗಿದ. ಹಣೆ ಬಂತು, ಹುಬ್ಬು ಬಂತು. ಕುಂಕುಮ ಉದುರಿದ ಕಡೆ ಇಷ್ಟಿಷ್ಟೇ ಉಳಿದಿದ್ದ ಅವ್ವನ ಕಣ್ಣು ಬಂತು. ಕಲೆ ಅಳಿಸುವ ಹುಮ್ಮಸ್ಸಿನಲ್ಲಿ ಮಗುವಿನ ಮಚ್ಚೆಯನ್ನೂ ಒರೆಸಿಬಿಟ್ಟ. "ಅಯ್ಯೋ, ನನ್ ಮಚ್ಚೆ!" ಎಂದು ಸುಂದ್ರಮ್ಮ ಅವನ ಕೈಗೆ ಒಂದು ಕೊಟ್ಟು ವಾಪಸ್ ಹಾಕಿಸಿದಳು. ಆಮೇಲೆ ಅವನು ಫೋಟೋದ ಒಂದು ಬದಿಯಲ್ಲಿದ್ದ ಹುಲ್ಲಿನ ಮೆದೆಯ ಅಂಚಿನ ಕಪ್ಪು ಚುಕ್ಕೆಗೆ ಕೈ ಹಾಕಿದ.

"ತಡಿ, ಅದು ಕಲೆ ಅಲ್ಲ ಕಣಪ್ಪ."

ಬ್ಯಾರನ್ ಎಂಬ ಗೂಡಿನಲ್ಲಿ ಬೆಂದ ಹೊಗೆಸೊಪ್ಪನ್ನು ಹದಿನೆಂಟು ವರ್ಷ ಬಣ್ಣ ನೋಡಿ ವಿಂಗಡಿಸಿದ ಕಣ್ಣು ಅವಳದು. ಎಲೆಗೆ ಅಂಟಿದ ಕಲೆ ಯಾವುದು, ಎಲೆಯದೇ ಬಣ್ಣ ಯಾವುದು ಎಂದು ಆ ಕಣ್ಣಿಗೆ ಯಾರೂ ಹೇಳಿಕೊಡಬೇಕಿಲ್ಲ. ಜೊತೆಗೆ ಅವಳು ಇನ್ನೊಂದು ಕಂಡಿದ್ದಳು. ಅವ್ವ ಕ್ಯಾಮೆರಾ ನೋಡುತ್ತಿರಲಿಲ್ಲ. ಅವಳ ದೃಷ್ಟಿ ಆ ಮೆದೆಯ ಕಡೆಗಿತ್ತು. ನಟರಾಜು ಚುಕ್ಕೆಯನ್ನು ದೊಡ್ಡದು ಮಾಡಿದ. ಸುಂದ್ರಮ್ಮ ಕಿಸಕ್ಕನೆ ನಕ್ಕು, "ಅದ ಅಂಗೇ ಬುಡು" ಎಂದಳು.

ಮಾರನೆಯ ದಿನ ಅವಳು ಎರಡು ಸೇರು ತೌಡು ಅಳೆದು ಚೀಲಕ್ಕೆ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ರಾವಂದೂರಿಗೆ ಹೋದಳು. ಅಣ್ಣನ ಜಗಲಿಯ ಮೇಲೆ ದೊಪ್ಪನೆ ಇಟ್ಟಳು.

"ತಕಳಪ್ಪ, ನಿನ್ ತೌಡು ನಿಂಗೆ. ಅವ್ವ ನನ್ ಕೈ ಹಿಡ್ಕಂಡವ್ಳೆ, ನೋಡು!"

ಚಲುವರಾಜು ಫೋಟೋ ತೆಗೆದುಕೊಂಡು ಬೆಳಕಿಗೆ ಹಿಡಿದ. "ಗೊತ್ತಿತ್ತು ಕಣವ್ವ. ಅಪ್ಪ ಮಡಚುವಾಗ ಪಕ್ಕದಲ್ಲೇ ಇದ್ದೆ."

"ಗೊತ್ತಿದ್ದೂ ಐವತ್ತು ವರ್ಷ ಗೋಳು ಹುಯ್ಕಂಡ್ಯಾ?"

"ಫೋಟೋದವ್ನು ಕರೀ ಬಟ್ಟೇಲಿ ತಲೆ ತೂರಿಸ್ದಾಗ ಹೆದರ್ಕ ಓಡೋದೆ. ಅವ್ವ ಬಾ ಬಾ ಅಂತ ಕರುದ್ಲು, ಬರನಿಲ್ಲ. ನೀನು ಅವಳ ಜೊತೇಲಿದ್ದೀಯ, ನಾನು ಎಲ್ಲೂ ಇಲ್ಲ. ಹೊಟ್ಟೆಕಿಚ್ಚು ಕಣವ್ವ, ಇನ್ನೇನು."

"ಅಂಗಾದ್ರೆ ತೌಡು ಕೊಟ್ಟು ತಂದಿದ್ದು ನಿನ್ನನ್ನೇ ಅನ್ನು!" ಸುಂದ್ರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಣ್ಣನ ಮುಖ ಬಾಡಿದ್ದು ಕಂಡಿದ್ದೇ ನಗು ನಿಲ್ಲಿಸಿ, ಮೊಬೈಲಿನಲ್ಲಿದ್ದ ಫೋಟೋ ತೆಗೆದು, ಎರಡು ಬೆರಳಿಂದ ಹಿಗ್ಗಿಸಿ ಅವನ ಮೂಗಿಗೆ ಹಿಡಿದಳು.

"ಇದ್ಯಾರಣ್ಣ?"

ಹುಲ್ಲಿನ ಮೆದೆಯ ಹಿಂದಿನಿಂದ ಕೆದರಿದ ಕೂದಲು, ಒಂದು ಕಿವಿ, ಅಂಜಿದ ಎರಡು ಕಣ್ಣು ಇಣುಕುತ್ತಿದ್ದವು.

"ಈಗ ಅವ್ವನ ಕಣ್ಣು ನೋಡು. ನನ್ ಕೈ ಹಿಡ್ಕಂಡು ಅವಳು ನೋಡ್ತಿರೋದು ನಿನ್ನ."

ಅರವತ್ತೊಂದರ ಚಲುವರಾಜು ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಆಮೇಲೆ ಟವಲಿನಲ್ಲಿ ಮುಖ ಮುಚ್ಚಿಕೊಂಡು ಆರು ವರ್ಷದವನ ಹಾಗೆ ಅತ್ತ.

ಇಬ್ಬರಲ್ಲಿ ಯಾರನ್ನೂ ಕೊಂಡು ತಂದದ್ದಲ್ಲ ಎಂದ ಮೇಲೆ ಆ ತೌಡನ್ನು ಏನು ಮಾಡುವುದು? ಸುಂದ್ರಮ್ಮ ಅದನ್ನು ಕಲಗಚ್ಚಿಗೆ ಕಲಸಿ ಅಣ್ಣನ ಹಸುವಿನ ಮುಂದಿಟ್ಟಳು. ಹಸು ಬಾನಿಯ ತಳ ಬಿಡದೆ ನೆಕ್ಕಿತು.