ನಾನು ಮಣ್ಣು ಕೊಟ್ಟ ದವಡೆ

ಸ್ಫೂರ್ತಿ, ಸಮರ್ಥ — ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿದ್ದ ಆ ದವಡೆಯನ್ನು ತೆಗೆದವಳು ನಾನು. ಪಾಟೀಲ ಸರ್ ಅಲ್ಲ. ಹದಿನೇಳು ವರ್ಷದಿಂದ ಬಾಯಿಗೆ ಬಂದು ಬಂದು ಹಿಂದಕ್ಕೆ ಹೋದ ಮಾತಿದು. ಎದುರಿಗೆ ಕೂತು ಹೇಳುವ ಧೈರ್ಯವಿಲ್ಲ. ಹಳ್ಳಿ ಸಾಲೆಯಲ್ಲಿ ಕಲಿತ ನಾಲ್ಕು ಅಕ್ಷರವಿದೆ, ಬರೆಯುತ್ತೇನೆ.

ಅಜ್ಜ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಒಮ್ಮೆ ದೀಪಾವಳಿ ಸೂಟಿಯಲ್ಲಿ ಹೊಳೆದಂಡೆಯ ಕೊರಕಲಿನಲ್ಲಿ ಅವರಿಗೆ ದವಡೆಯ ತುಂಡೊಂದು ಸಿಕ್ಕಿತು — ಅಂಗೈಯಗಲ, ಮೂರು ಹಲ್ಲು, ಕಲ್ಲಿನಂಥ ಭಾರ. ಎಲುಬು ಎಷ್ಟೋ ಕಾಲ ನೆಲದೊಳಗಿದ್ದರೆ ಕಲ್ಲಾಗುತ್ತದಂತೆ. ಕೋರೆಹಲ್ಲು ಮಂಗನದರಷ್ಟು ಉದ್ದವಿಲ್ಲ, ದವಡೆ ನಮ್ಮದಕ್ಕಿಂತ ದಪ್ಪ, ನಮಗೂ ಮಂಗನಂಥ ಪೂರ್ವಜರಿಗೂ ನಡುವಿನ ಯಾರದೋ ಇರಬಹುದು ಎಂದು ಅವರು ಊಟ ಮರೆತು ಹೇಳುತ್ತಿದ್ದರು. ಧಾರವಾಡದಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ ಗೆಳೆಯ ಪಾಟೀಲ ಸರ್ ಒಂದು ರವಿವಾರ ಬಂದು ನೋಡಿದರು. ತೊಳೆಯಬೇಡಿ, ಅಂಟಿದ ಮಣ್ಣೇ ಅದರ ವಯಸ್ಸು ಹೇಳುತ್ತದೆ ಎಂದರು. ತಾವೇ ಒಯ್ದು ತಿಳಿದವರಿಗೆ ತೋರಿಸುವುದಾಗಿ ಹೇಳಿದರು. ಅಜ್ಜ ಒಪ್ಪಲಿಲ್ಲ, ಪೆಟ್ಟಿಗೆಯಲ್ಲಿಟ್ಟು ಪೂಜೆಗೆ ಕೂತರು. ಪಾಟೀಲ ಸರ್ ಹೊರಟಾಗ ಅಜ್ಜ ಇನ್ನೂ ಪೂಜೆಯಲ್ಲಿದ್ದರು.

ಆಗ ನಿಮ್ಮ ಅವ್ವ ಮೊದಲ ಹೆರಿಗೆಗೆ ಇಲ್ಲಿ, ದೇಶಪಾಂಡೆ ನಗರದ ಮನೆಗೆ ಬಂದಿದ್ದಳು. ಸ್ಫೂರ್ತಿ, ನೀನು ಹೊಟ್ಟೆಯಲ್ಲಿದ್ದೆ. ಪಾಟೀಲ ಸರ್ ಬರುವುದಕ್ಕೂ ಮುಂಚೆ ಒಂದು ದಿನ ನಾನು ಕಸ ಗುಡಿಸುತ್ತಿದ್ದಾಗ ಅಜ್ಜ ಆ ದವಡೆ ಎತ್ತಿ ಹಿಡಿದಿದ್ದರು.

“ಸೆರಗ ಹೊದ್ಕೊ. ಇಂವ ನಮ್ಮ ಮುತ್ತ್ಯಾನ ಮುತ್ತ್ಯಾ, ನಿನಗ ಮಾವ ಆಗಬೇಕು.”

ನಾನೂ ನಕ್ಕೆ. ಆದರೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ — ಮನೆಯ ಹಿರಿಯನೇ ಆಗಿದ್ದರೆ ಇವನಿಗೆ ಮಣ್ಣು ಕೊಟ್ಟವರು ಯಾರು? ನಮ್ಮಲ್ಲಿ ಸತ್ತವರನ್ನು ಮೈ ತೊಳೆದು ಕೂರಿಸಿ, ವಿಭೂತಿ ಹಚ್ಚಿ, ಮಣ್ಣು ಕೊಡುತ್ತೇವೆ. ಇವನ ಎಲುಬು ಪೆಟ್ಟಿಗೆಯಲ್ಲಿ, ಪಕ್ಕದ ಕೋಣೆಯಲ್ಲಿ ತುಂಬು ಬಸುರಿ ಮಗಳು — ಕೂಸಿಗೆ ಏನಾದರೂ ಆದೀತೆಂದು ಹೆದರಿದೆ.

ಪಾಟೀಲ ಸರ್ ಬಂದು ಹೋದ ಮರುದಿನ ಸೋಮವಾರ. ಅಜ್ಜ ಸಾಲೆಗೆ ಹೋದ ಮೇಲೆ ಅದನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದೆ. ಮಣ್ಣೆಲ್ಲ ಬಚ್ಚಲಿಗೆ ಹೋಯಿತು. ವಿಭೂತಿ ಹಚ್ಚಿದೆ. ಅಮರಗೋಳದ ನಮ್ಮ ಹೊಲದಲ್ಲಿದ್ದ ಅತ್ತೆಯ ಸಮಾಧಿಗೆ ಎಡೆ ಒಯ್ಯುವ ಬುಟ್ಟಿಯಲ್ಲೇ ಅದನ್ನೂ ಇಟ್ಟುಕೊಂಡು ಹೋಗಿ, ಪಕ್ಕದಲ್ಲಿ ಕುರ್ಪಿಯಿಂದ ಅಗೆದು ಹೂಳಿದೆ. ಒಳ್ಳೆಯ ಕೆಲಸ ಮಾಡಿದೆನೆಂದೇ ಅನ್ನಿಸಿತ್ತು.

ಸಂಜೆ ಅಜ್ಜ ಪೆಟ್ಟಿಗೆ ತೆರೆದರು. ನೋಡಿದೆಯಾ ಎಂದು ನನ್ನನ್ನು ಕೇಳಿದರು. ಅವರ ಮುಖ ಕಂಡ ಮೇಲೆ — ಇಲ್ಲ ಎಂದುಬಿಟ್ಟೆ. ಎರಡು ದಿನ ಹುಡುಕಿ, ಕೊನೆಗೆ ಪಾಟೀಲ ಸರ್‌ರನ್ನು ಕರೆಸಿ ಕೇಳಬಾರದ್ದನ್ನು ಕೇಳಿದರು. ಅವರು ಹೊಸ್ತಿಲಲ್ಲೇ ನಿಂತು ನನ್ನ ಕಡೆ ತಿರುಗಿದರು.

“ವೈನಿ, ನೀವರ ಹೇಳ್ರಿ. ಹೋಗೂಮುಂದ ನನ್ನ ಕೈಯಾಗ ಏನಿತ್ರಿ?”

ಅವರ ಕೈಯಲ್ಲಿದ್ದದ್ದು ಶೇಂಗಾ ಹೋಳಿಗೆಯ ಡಬ್ಬಿ. ಬಾಗಿಲ ತನಕ ಹೋಗಿ ಕೊಟ್ಟವಳು ನಾನೇ.

“ನಾ ಒಳಗ ಇದ್ನಿರಿ.”

ಇಷ್ಟೇ ಅಂದದ್ದು. ಅವರು ಚಪ್ಪಲಿ ಮೆಟ್ಟಿ ಹೋದರು. ಮೂವತ್ತು ವರ್ಷದ ಗೆಳೆತನ.

ಅಜ್ಜ ತೀರಿಕೊಂಡ ದಿನ ಪಾಟೀಲ ಸರ್ ಬಂದಿದ್ದರು. ಒಂದು ಹಿಡಿ ಮಣ್ಣು ಹಾಕಿ ಹೋದರು. ಅಂದೂ ನಾನು ನಿಜ ಹೇಳಲಿಲ್ಲ. ಈಗ ಅತ್ತೆಯ ಸಮಾಧಿಯೊಂದನ್ನು ಬಿಟ್ಟು ಅಮರಗೋಳದ ಹೊಲವೆಲ್ಲ ಪ್ಲಾಟ್ ಆಗಿದೆ. ನಾನು ಅಗೆದ ಜಾಗದ ಮೇಲೆ ಕಾಂಕ್ರೀಟ್ ರಸ್ತೆ. ಅಗೆಸಿದರೂ ಏನು — ತೊಳೆದ ಮಣ್ಣು ಮರಳಿ ಬರುತ್ತದೆಯೇ.

ಕಳೆದ ವಾರ ಸ್ಫೂರ್ತಿ, ನಿನ್ನ ಪುಸ್ತಕದಲ್ಲಿ ಮಂಗನಿಂದ ಮನುಷ್ಯನವರೆಗಿನ ತಲೆಬುರುಡೆಗಳ ಸಾಲು ತೋರಿಸಿ ನೀನು ಅಂದೆ: “ಅಜ್ಜಿ, ನಮ್ಮ ದೇಶದಾಗ ಇಂಥವು ಭಾಳ ಕಡಿಮಿ ಸಿಕ್ಕಾವ. ಆ ಪಾಟೀಲರು ಕದಿಲಿಲ್ಲಂದ್ರ ಅಜ್ಜಂದೂ ಇದರಾಗ ಇರ್ತಿತ್ತೋ ಏನೋ.” ಇರುತ್ತಿತ್ತೋ, ಬರೀ ಮಂಗನದೇ ಆಗಿತ್ತೋ — ಇನ್ನು ಯಾರೂ ಹೇಳಲಾರರು. ಆದರೆ ಕಳ್ಳ ಎಂಬ ಮಾತು ನಿನ್ನ ಬಾಯಿಗೂ ಇಳಿದಿದೆ. ಅದನ್ನು ಅಲ್ಲಿ ಇಟ್ಟವಳು ನಾನು.

ಪಾಟೀಲ ಸರ್ ಧಾರವಾಡದಲ್ಲೇ ಇದ್ದಾರೆ. ಎರಡು ಸಲ ಅವರ ಗೇಟಿನ ತನಕ ಹೋಗಿ ತಿರುಗಿ ಬಂದಿದ್ದೇನೆ. ಮೂರನೇ ಸಲವೂ ಹಾಗೇ ಆದೀತೆಂಬ ಹೆದರಿಕೆ ನನಗೆ. ಆದ್ದರಿಂದ ಈ ಪತ್ರ ಹಿಡಿದು ನೀವಿಬ್ಬರೂ ಹೋಗಿ. ಇದರೊಳಗೆ ಅಜ್ಜ ಪೆನ್ಸಿಲಿನಲ್ಲಿ ಬರೆದ ಆ ದವಡೆಯ ಚಿತ್ರ ಇಟ್ಟಿದ್ದೇನೆ, ಉಳಿದದ್ದು ಅದೊಂದೇ. ಅವರು ಓದಲಿ. ಓದಿ ಏನೂ ಅನ್ನದಿದ್ದರೂ ಕೇಳಬೇಡಿ. ಆಮೇಲೆ ಈ ಹಾಳೆಗಳನ್ನು ತಂದು ಅಜ್ಜನ ಖಾಲಿ ಪೆಟ್ಟಿಗೆಯಲ್ಲಿಡಿ. ಜೋಪಾನ.